ಪಕ್ಕದ ಸೀಟಿನ ಬ್ರೇಕು

ಜೂನ್ 2, ಸೋಮವಾರ

ಸಿಟ್ಟು ಬಂದಾಗ ಬಾಯಿಗೆ ಕೆಲಸ ಕೊಡಬೇಡಿ, ಪೆನ್ನಿಗೆ ಕೊಡಿ ಎಂದಿದ್ದಾರೆ ಡಾಕ್ಟರು. ಆ ದಿನ ಯಾವುದು ಸಿಟ್ಟು ತಂದಿತೋ ಅದನ್ನು ಬರೆದುಬಿಟ್ಟರೆ ರಕ್ತದೊತ್ತಡ ಇಳಿಯುತ್ತದಂತೆ. ಬರೆದರೆ ಇಳಿಯುವ ಹಾಗಿದ್ದರೆ ಇಷ್ಟೊಂದು ಮಾತ್ರೆ ಯಾಕೆ ಕೊಟ್ಟರೋ. ಇರಲಿ, ಬರೆಯಲು ಇವತ್ತು ಬೇಕಾದಷ್ಟಿದೆ.

ಸಂಜೆ ಪಾಠ ಮುಗಿಸಿ ಕಾರು ಒಳಗೆ ಹಾಕುವಾಗ ತಂಗಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಡ್ರೈವಿಂಗ್ ಸ್ಕೂಲಿಗೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಯಾವ ಹೊತ್ತು ಕೊಡಬೇಕು ಎಲ್ಲಾ ಅವಳದೇ ಕಾರುಬಾರು. ಮುಖ ನೋಡಿದರೇ ಗೊತ್ತಾಯಿತು, ಏನೋ ಮಾಡಿಟ್ಟಿದ್ದಾಳೆ.

"ಅಣ್ಣಾ, ಹೊಸಬರೊಬ್ಬರು ಸೇರಿದ್ದಾರೆ. ಬೆಳಗ್ಗೆ ಮೊದಲ ಪಾಠ ಅವರಿಗೆ ಕೊಟ್ಟಿದ್ದೀನಿ."

"ಯಾರು?"

"ನಮ್ಮ ಪಾದ್ರಿ ಅಯ್ಯನವರು."

ಹೇಳಿದವಳೇ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು. ನನ್ನ ಬೈಗುಳ ಕೇಳಿಸದಿರಲಿ ಅಂತ.

ಈ ಮನುಷ್ಯನ ವಿಷಯ ಒಂದು ಸಲ ಬರೆದು ಮುಗಿಸುತ್ತೇನೆ. ಹೋದ ವರ್ಷ ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಾಗ ಅವಳಿಗೆ ಇದ್ದದ್ದು ಒಂದೇ ಆಸೆ. ಪಾದ್ರಿಯ ಕೈಯಿಂದ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಒಮ್ಮೆ ನಾಲಿಗೆಗೆ ಸೋಕಬೇಕು. ಬೆಳಗ್ಗೆಯೇ ಪಾದ್ರಿಗೆ ಫೋನ್ ಮಾಡಿದೆ. "ಈಗಲೇ ಹೊರಟೆ" ಅಂದ. ಅವಳು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದಳು. ನರ್ಸು ಬಂದರೂ "ಅಯ್ಯನವರು ಬಂದ್ರಾ?", ನೀರು ತಂದವಳು ಬಂದರೂ "ಅಯ್ಯನವರು ಬಂದ್ರಾ?" ಪ್ರತಿ ಸಲವೂ ನಾನು "ಬರ್ತಾ ಇದ್ದಾರೆ ಕಣೇ" ಅಂದೆ. ಕೊನೆಗೆ ಅವಳು ಕೇಳುವುದು ನಿಂತಿತು. ಮುಖದ ಮೇಲೆ ಬಟ್ಟೆ ಎಳೆದ ಮೇಲೆ ಬಂದ ಮಹಾರಾಯ, ಕೈಯಲ್ಲಿ ರೊಟ್ಟಿ-ದ್ರಾಕ್ಷಾರಸದ ಆ ಪುಟ್ಟ ಕಪ್ಪು ಪೆಟ್ಟಿಗೆ, ಹಣೆ ತುಂಬ ಬೆವರು. "ಬಸ್ಸು ಬರಲಿಲ್ಲ" ಅಂದ. ಅವನ ಮುಖಕ್ಕೇ ಬಾಗಿಲು ಹಾಕಿದೆ. ಮಾರನೆಯ ದಿನ ಅದೇ ಪೆಟ್ಟಿಗೆ ಹಿಡಿದು ಮನೆಗೆ ಬಂದ, ಅಲ್ಲೂ ಹಾಕಿದೆ. ಮಣ್ಣು ಮಾಡಲು ಬೇರೆ ಚರ್ಚಿನವರನ್ನು ಕರೆಸಿದೆ. ಅವತ್ತಿನಿಂದ ನಾನು ಚರ್ಚಿನ ಮೆಟ್ಟಿಲು ಹತ್ತಿಲ್ಲ, ಅವನ ಹೆಸರನ್ನೂ ಬಾಯಿಗೆ ತಂದಿಲ್ಲ. ನನ್ನ ಪಾಲಿಗೆ ಅವನು ತಡಪ್ಪ.

ಆಗಲ್ಲ ಅಂತ ಹೇಳಿ ಕಳಿಸೋಣ ಎಂದು ಫೋನ್ ಎತ್ತಿಕೊಂಡೆ. ಆಮೇಲೆ ಇಟ್ಟುಬಿಟ್ಟೆ. ಬೇರೆ ಸ್ಕೂಲಿಗೆ ಹೋದರೆ ಯಾರಾದರೂ ಕಲಿಸಿಬಿಡುತ್ತಾರೆ. ನನ್ನ ಹತ್ತಿರ ಇದ್ದರೆ ಈ ಜನ್ಮದಲ್ಲಿ ಕಲಿಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈ ಸಲ ಪೂಜಾರಿ ನಾನು. ತಡಪ್ಪನಿಗೆ ಲೈಸೆನ್ಸ್ ಸಿಗದ ಹಾಗೆ ನೋಡಿಕೊಳ್ಳುತ್ತೇನೆ.

ಜೂನ್ 4, ಬುಧವಾರ

ಒಂದು ನಿಮಿಷ ತಡವಾದರೂ ಕಾರು ಹೊರಟುಬಿಟ್ಟಿರುತ್ತದೆ ಎಂದು ಕಾದಿದ್ದೆ. ತಡಪ್ಪ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅಲ್ಲಿಗೆ ಅರ್ಧ ಸಂತೋಷ ಹೋಯಿತು.

"ಮೇಷ್ಟ್ರೇ, ನನಗೆ ಸೈಕಲ್ ಕೂಡ ನೆಟ್ಟಗೆ ಬರಲ್ಲ. ಸ್ವಲ್ಪ ತಾಳ್ಮೆ ಇರಲಿ" ಅಂದ.

ತಾಳ್ಮೆ! ಯಾರು ಯಾರಿಗೆ ಹೇಳುವ ಮಾತು!

ನನ್ನ ಕಾರು ಕಲಿಸುವ ಕಾರು. ಪಕ್ಕದ ಸೀಟಿನಲ್ಲಿ ನನ್ನ ಕಾಲ ಹತ್ತಿರವೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಲಿಯುವವನು ಗೋಡೆಗೆ ಗುದ್ದುವ ಮೊದಲು ನಾನು ನಿಲ್ಲಿಸಬೇಕಲ್ಲ. ಇಷ್ಟು ವರ್ಷ ಆ ಬ್ರೇಕಿನಿಂದ ಎಷ್ಟೋ ಜನರ ಮೂಗು ಉಳಿಸಿದ್ದೇನೆ. ಇವತ್ತು ಅದಕ್ಕೆ ಬೇರೆ ಉಪಯೋಗ ಕಂಡುಕೊಂಡೆ. ತಡಪ್ಪ ಮೆಲ್ಲಗೆ ಕ್ಲಚ್ಚು ಬಿಡುತ್ತಾ ಬರುತ್ತಾನೆ, ಕಾರು ಇನ್ನೇನು ಹೊರಡಬೇಕು, ಆಗ ನಾನು ನನ್ನ ಬ್ರೇಕನ್ನು ಚೂರೇ ಚೂರು ಒತ್ತುತ್ತೇನೆ. ಗಡಗಡ ಅಂದು ಎಂಜಿನ್ ನಿಂತುಹೋಗುತ್ತದೆ. ತನ್ನದೇ ತಪ್ಪು ಅಂದುಕೊಳ್ಳುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಪಾಠ ಮುಗಿಯುವವರೆಗೆ ನಮ್ಮ ಬೀದಿ ದಾಟಲಿಲ್ಲ. ಟೀ ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ನಮ್ಮನ್ನೇ ನೋಡುತ್ತಾ ನಿಂತಿದ್ದ. ತಡಪ್ಪನ ಕರವಸ್ತ್ರ ಹಿಂಡಿದರೆ ಲೋಟ ತುಂಬುತ್ತಿತ್ತು. ಇಳಿಯುವಾಗ "ನಾಳೆ ಬರ್ತೀನಿ ಮೇಷ್ಟ್ರೇ" ಅಂದ.

ರಾತ್ರಿ ಊಟ ರುಚಿಯಾಗಿತ್ತು.

ಜೂನ್ 8, ಭಾನುವಾರ

ತಂಗಿ ಚರ್ಚಿನಿಂದ ಕುಣಿಯುತ್ತಾ ಬಂದಳು.

"ಅಣ್ಣಾ, ಇವತ್ತು ಪ್ರಸಂಗದಲ್ಲಿ ನಿನ್ನ ಕಾರು ಬಂತು!"

ತಡಪ್ಪ ಪೀಠದ ಮೇಲೆ ನಿಂತು ಸಭೆಗೆಲ್ಲಾ ಹೇಳಿದನಂತೆ: ವಾರ ಪೂರ್ತಿ ಎಂಜಿನ್ ನಿಂತುಹೋಯಿತು, ಆದರೆ ಎಂಜಿನ್ ನಿಂತರೆ ದಾರಿ ಮುಗಿದ ಹಾಗಲ್ಲ, ಕೀಲಿ ಇನ್ನೂ ಕೈಯಲ್ಲೇ ಇರುತ್ತದೆ, ನಮ್ಮ ಸೋಲುಗಳಲ್ಲೂ ಕರ್ತನು ಹಾಗೇ, ಮತ್ತೆ ತಿರುಗಿಸು ಮಗನೇ ಅನ್ನುತ್ತಾನೆ. ಮುಂದಿನ ಸಾಲಿನ ಹೆಂಗಸರು ಕಣ್ಣು ಒರೆಸಿಕೊಂಡರಂತೆ.

"ನಿಲ್ಲಿಸಿದ್ದು ಕರ್ತನಲ್ಲ" ಅಂದೆ.

"ಮತ್ಯಾರು?"

"ಹೋಗು, ಅನ್ನಕ್ಕಿಡು."

ನಾನು ಕಷ್ಟಪಟ್ಟು ಕಾಲು ನೋಯಿಸಿಕೊಂಡು ಅವನನ್ನು ಗೋಳಾಡಿಸಿದರೆ, ಅವನು ಅದನ್ನೇ ಬೇಯಿಸಿ ಭಾನುವಾರ ಊರಿಗೆಲ್ಲಾ ಬಡಿಸುತ್ತಾನೆ. ಸೌದೆ ನನ್ನದು, ಹೆಸರು ಅವನದು.

ಜೂನ್ 13, ಶುಕ್ರವಾರ

ಇವತ್ತು ಟೀ ಅಂಗಡಿಯವನ ಪ್ಲಾಸ್ಟಿಕ್ ಬಕೆಟ್ಟು ಸತ್ತಿತು. ಹಿಂದಕ್ಕೆ ತೆಗೆಯುವಾಗ ಕನ್ನಡಿ ನೋಡಿ, ಕನ್ನಡಿ ನೋಡಿ ಎಂದು ಬಡಿದುಕೊಂಡೆ. ತಡಪ್ಪ ಕನ್ನಡಿ ನೋಡುವ ಬದಲು ನನ್ನ ಮುಖ ನೋಡಿದ. ನಾನು ಬ್ರೇಕು ಒತ್ತಬಹುದಿತ್ತು. ಒತ್ತಲಿಲ್ಲ. ಬೇಡದಾಗ ಒತ್ತುವುದು, ಬೇಕಾದಾಗ ಬಿಡುವುದು, ಎರಡನ್ನೂ ಹತ್ತೇ ದಿನದಲ್ಲಿ ಕಲಿತೆ.

ಟೀ ಅಂಗಡಿಯವನು ಒಡೆದ ಬಕೆಟ್ಟನ್ನು ಶವದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ತೋರಿಸಿದ. ತಡಪ್ಪ ಇಳಿದು, "ತಪ್ಪಾಯ್ತಪ್ಪ, ಇವತ್ತೇ ಹೊಸದು ತಂದುಕೊಡ್ತೀನಿ" ಅಂತ ಕೈ ಮುಗಿದ. ಆಮೇಲೆ ಕಾರಿಗೆ ಬಂದು ಕೂತು, "ಇದರಲ್ಲೂ ಏನೋ ಒಂದು ಪಾಠ ಇದೆ ಮೇಷ್ಟ್ರೇ" ಅಂದ.

"ಇದೆ. ಕನ್ನಡಿ ನೋಡೋದು" ಅಂದೆ.

ಜೂನ್ 15, ಭಾನುವಾರ

ಬಕೆಟ್ಟೂ ಪ್ರಸಂಗಕ್ಕೆ ಹೋಯಿತು. ಹಿಂದೆ ನೋಡದೆ ಹೋದರೆ ನಮ್ಮಿಂದ ಯಾರು ಮುರಿದುಬಿದ್ದರು ಅಂತ ನಮಗೇ ತಿಳಿಯುವುದಿಲ್ಲ ಅಂದನಂತೆ. ಮಾತ್ರೆ ಒಂದರ ಬದಲು ಎರಡು ತಗೊಂಡೆ.

ಜೂನ್ 18, ಬುಧವಾರ

ಪಾಠ ಇರಲಿಲ್ಲ. ಹೆಂಡತಿಯ ಕಪಾಟು ತೆರೆದೆ, ಮುಚ್ಚಿದೆ. ಭಾನುವಾರದ ಚಪ್ಪಲಿ ಇನ್ನೂ ಅಲ್ಲೇ ಇದೆ. ಬರೆಯಲು ಏನೂ ಇಲ್ಲ.

ಜೂನ್ 29, ಭಾನುವಾರ

ತಂಗಿ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ಏನಂದ ಇವತ್ತು?"

"ಯಾರು?"

"ಯಾರಂದ್ರೆ? ನಿಮ್ಮ ಅಯ್ಯನವರು. ಮೊನ್ನೆ ಇಂಡಿಕೇಟರ್ ಬದಲು ವೈಪರ್ ಹಾಕಿಕೊಂಡು ಇಡೀ ಬೀದಿ ಸುತ್ತಿದ. ಬಿಸಿಲಲ್ಲಿ. ಅದನ್ನು ಹೇಳಲಿಲ್ವಾ?"

"ಇಲ್ಲ. ಹೋದ ವಾರವೂ ಕಾರಿನ ಮಾತೇ ಇಲ್ಲ." ಆಮೇಲೆ ನನ್ನನ್ನು ಓರೆಗಣ್ಣಲ್ಲಿ ನೋಡಿದಳು. "ಅಷ್ಟು ಬೇಕಿದ್ರೆ ನೀನೇ ಬಂದು ಕೇಳಬಹುದಲ್ಲ ಅಣ್ಣಾ?"

ನನಗೇನು ಬೇಕು? ವೈಪರ್ ಒಳ್ಳೆಯ ವಿಷಯವಾಗಿತ್ತು, ಸುಮ್ಮನೆ ಹಾಳು ಮಾಡಿದ ಅಂತ ಅಷ್ಟೇ. ಎರಡು ವಾರದಿಂದ ಕಾರಿನಲ್ಲೂ ಮಾತು ಕಡಿಮೆ. ಕೂರುತ್ತಾನೆ, ಎಂಜಿನ್ ನಿಲ್ಲಿಸಿಕೊಳ್ಳುತ್ತಾನೆ, ಬೆವರು ಒರೆಸಿಕೊಳ್ಳುತ್ತಾನೆ, ಹೋಗುತ್ತಾನೆ. ಪಾಠವಿದೆ ಗೀಠವಿದೆ ಅನ್ನುವುದಿಲ್ಲ. ಸೋತ ಅಂತ ಕಾಣುತ್ತದೆ. ಸಂತೋಷವಾಗಬೇಕಿತ್ತು.

ಜುಲೈ 1, ಮಂಗಳವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆಯುತ್ತೇನೆ.

ಫರ್ನಿಚರ್ ಅಂಗಡಿಯ ಬೀದಿ. ನಾವು ದಿನಾ ಕಾರು ನಿಲ್ಲಿಸಿ ಮತ್ತೆ ಹೊರಡಿಸುವ ಅಭ್ಯಾಸ ಮಾಡುವುದು ಅಲ್ಲೇ. ಕಾರು ಮತ್ತೆ ಗಡಗಡ ಅಂದು ನಿಂತಿತು. ತಡಪ್ಪ ಕೀಲಿ ತಿರುಗಿಸಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಕನ್ನಡಿ ನೋಡುತ್ತಾ ಕೂತ.

"ಸ್ಟಾರ್ಟ್ ಮಾಡಿ" ಅಂದೆ.

"ಮಾಡ್ತೀನಿ. ಮೊದಲು ನೀವು ಕಾಲು ತೆಗೀರಿ."

"ಯಾವ ಕಾಲು?"

"ಕನ್ನಡಿ ನೋಡಿ, ಕನ್ನಡಿ ನೋಡಿ ಅಂತ ಹೇಳಿಕೊಟ್ಟಿದ್ದು ನೀವೇ ಮೇಷ್ಟ್ರೇ. ಆ ಅಂಗಡಿಯೋನು ಕನ್ನಡಿ ಬಾಗಿಲಿನ ಬೀರು ಹೊರಗಿಟ್ಟಿದ್ದಾನೆ. ಅದರಲ್ಲಿ ನಮ್ಮ ಕಾರಿನ ಹಿಂದಿನ ಕೆಂಪು ದೀಪ ಕಾಣುತ್ತೆ. ನನ್ನ ಕಾಲು ಬ್ರೇಕ್ ಮೇಲೆ ಇಲ್ಲದೇ ಇದ್ದಾಗಲೂ ಹೊತ್ಕೊಳ್ಳುತ್ತೆ. ಎರಡು ವಾರದಿಂದ ನೋಡ್ತಾ ಇದ್ದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಬಗ್ಗಿ ನನ್ನ ಕಾಲು ನೋಡಿಕೊಂಡೆ. ಅದು ಇನ್ನೂ ಬ್ರೇಕಿನ ಮೇಲೇ ಇತ್ತು.

"ಗೊತ್ತಿದ್ದೂ ಯಾಕೆ ಬರ್ತಾ ಇದ್ರಿ? ದೊಡ್ಡ ಸಂತರು ಅಂತ ತೋರಿಸೋಕಾ?"

"ಸಂತನೂ ಇಲ್ಲ, ಮಣ್ಣೂ ಇಲ್ಲ. ಕೋಪ ಬಂದಿತ್ತು. ಎಷ್ಟು ದಿನ ಮಾಡ್ತೀರೋ ನೋಡೇಬಿಡೋಣ ಅಂತ ಹಟ. ಅಷ್ಟೇ." ಅವನ ದನಿಯೂ ಏರಿತು. "ದೇವರು ಕಲಿಸ್ತಾ ಇದ್ದಾನೆ ಅಂತ ಇಡೀ ಸಭೆಗೆ ಹೇಳ್ಕೊಂಡು ಬಂದೆ ನಾನು! ನೋಡಿದ್ರೆ ನಿಮ್ಮ ಕಾಲು! ಇನ್ನು ಯಾವ ಮುಖ ಇಟ್ಕೊಂಡು ಕಾರಿನ ಮಾತಾಡಲಿ ಪೀಠದ ಮೇಲೆ?"

ಒಂದು ಕ್ಷಣ ನಗು ಬರುವುದರಲ್ಲಿತ್ತು. ಬಂದಿದ್ದರೆ ಎಲ್ಲಾ ಬೇರೆ ಥರ ಆಗುತ್ತಿತ್ತೇನೋ. ಅದರ ಬದಲು ಬಾಯಿಗೆ ಅವಳು ಬಂದಳು.

"ಹೌದು, ನನ್ನ ಕಾಲೇ! ಮುಂಜಾನೆಯಿಂದ ಬಾಗಿಲು ನೋಡ್ತಾ ಇದ್ದಳು ಅವಳು. ಬಂದ್ರಾ, ಬಂದ್ರಾ ಅಂತ. ನೀವು ಬಂದು ಹೇಳಿದ್ದೇನು? ಬಸ್ಸು ಬರಲಿಲ್ಲ! ಒಂದು ಬಸ್ಸಿಗೆ ಬಲಿಯಾಗಿ ಹೋಯ್ತು ಅವಳ ಕೊನೇ ಆಸೆ!"

ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು. ತಡಪ್ಪ ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಿದ್ದ. ಆಮೇಲೆ ಹೇಳಿದ, "ಬಸ್ಸು ಬಂದಿತ್ತು."

"ಏನು?"

"ಬಂದಿತ್ತು. ಚರ್ಚಿನ ಗೋಡೆಗೆ ಯಾವ ಬಣ್ಣ ಹೊಡೆಸೋದು ಅಂತ ಮೀಟಿಂಗ್ ನಡೀತಿತ್ತು. ಕಿಟಕಿಯಲ್ಲಿ ಬಸ್ಸು ಕಾಣಿಸ್ತು. ಮಾತು ಅರ್ಧಕ್ಕೆ ಬಿಟ್ಟು ಎದ್ದರೆ ಚೆನ್ನಾಗಿರಲ್ಲ, ಮುಂದಿನದು ಹಿಡಿದ್ರಾಯ್ತು, ಇನ್ನೂ ಹೊತ್ತಿದೆ ಅಂದುಕೊಂಡೆ. ಮುಂದಿನದು ಬರಲಿಲ್ಲ. ಅದನ್ನೇ ನಿಮಗೆ ಹೇಳಿದೆ. ಬರದೇ ಇದ್ದ ಬಸ್ಸಿನ ಮಾತು ಹೇಳಿದೆ, ಹತ್ತದೇ ಬಿಟ್ಟ ಬಸ್ಸಿನದು ಹೇಳಲಿಲ್ಲ."

ಗೋಡೆಯ ಬಣ್ಣ.

"ಅದಕ್ಕೆ ಕಾರು ಕಲಿತೀರಾ? ಕಾರಿದ್ರೂ ಮೀಟಿಂಗ್ ಇದ್ದೇ ಇರುತ್ತೆ!"

"ಇರುತ್ತೆ. ಆದ್ರೆ ಬಸ್ಸಿನ ನೆಪ ಇರಲ್ಲ."

"ಇಳೀರಿ" ಅಂದೆ. ಇಳಿದ. ಅವನನ್ನು ಬೀದಿಯಲ್ಲೇ ಬಿಟ್ಟು ಕಾರು ತಂದೆ. ಕರವಸ್ತ್ರ ಸೀಟಿನ ಮೇಲೇ ಬಿಟ್ಟು ಹೋಗಿದ್ದಾನೆ. ಕಿಟಕಿಯಿಂದ ಆಚೆ ಎಸೆಯೋಣ ಅಂತಿದ್ದೆ, ಸಿಗ್ನಲ್ ಬಂತು, ಮರೆತೆ.

ಜುಲೈ 2, ಬುಧವಾರ

ಬರಲಿಲ್ಲ. ಪೀಡೆ ತೊಲಗಿತು.

ಜುಲೈ 3, ಗುರುವಾರ

ಬರಲಿಲ್ಲ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿ "ಬರೀತಾ ಇದ್ದೀರಾ?" ಅಂದರು. ಬರೆದರೆ ಇಳಿಯುತ್ತದೆ ಅಂದವರು ನೀವೇ ಅಲ್ವಾ, ಮೇಲೆ ಹೋಗಿದೆಯಲ್ಲ ಅಂದೆ. ಮಾತ್ರೆ ಬದಲಾಯಿಸಿದರು.

ಗೋಡೆಗೆ ಕೊನೆಗೆ ಹೊಡೆಸಿದ್ದು ಅದೇ ಹಳೆಯ ಬಿಳಿ ಬಣ್ಣ. ಮೊನ್ನೆ ಆ ಕಡೆ ಹೋದಾಗ ನೋಡಿದ್ದೇನೆ.

ಜುಲೈ 6, ಭಾನುವಾರ

ತಂಗಿ ಬಂದವಳು ಅಡುಗೆಮನೆಗೆ ಹೋಗದೆ ನನ್ನ ಎದುರು ಕೂತಳು. ಕಣ್ಣು ಊದಿಕೊಂಡಿತ್ತು.

"ಅಣ್ಣಾ, ಅಯ್ಯನವರು ಇವತ್ತು ಪ್ರಸಂಗ ಮಾಡಲಿಲ್ಲ. ಅತ್ತಿಗೆ ತೀರಿಕೊಂಡ ದಿನ ಬಸ್ಸು ಬಂದಿತ್ತಂತೆ. ಹತ್ತಲಿಲ್ಲವಂತೆ. ಸಭೆಗೆಲ್ಲಾ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡರು. ಮೀಟಿಂಗಿನಲ್ಲಿದ್ದ ಹಿರಿಯರು ತಲೆ ಎತ್ತಲಿಲ್ಲ. ನಾನು ಎದ್ದು ಬಂದುಬಿಡೋಣ ಅಂದುಕೊಂಡೆ. ಆಗಲಿಲ್ಲ."

"ನನ್ನ ಬ್ರೇಕಿನ ವಿಷಯ ಹೇಳಿದನಾ?"

"ಯಾವ ಬ್ರೇಕು?"

ಹೇಳಿಲ್ಲ. ತನ್ನದನ್ನು ಹೇಳಿದ್ದಾನೆ, ನನ್ನದನ್ನು ನುಂಗಿಕೊಂಡಿದ್ದಾನೆ. ಯಾರು ಕೇಳಿದ್ದರು ಇವನನ್ನು? ಹೇಳಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಈಗ ನನ್ನ ಬಾಯಿಗೆ ಬೀಗ ಹಾಕಿ ಕೀಲಿ ತಾನು ಇಟ್ಟುಕೊಂಡ. ಇಷ್ಟು ಸಿಟ್ಟು ಬಕೆಟ್ಟಿನ ದಿನವೂ ಬಂದಿರಲಿಲ್ಲ.

ಅವನ ಕರವಸ್ತ್ರ ತಂಗಿ ಒಗೆದು ಹಗ್ಗಕ್ಕೆ ಹಾಕಿದ್ದಾಳೆ. ಯಾರದು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜುಲೈ 8, ಮಂಗಳವಾರ

ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಒಳಗೆ ಹೋಗಿ ಕಾರಿನ ಕೀಲಿ ತಂದು ಅವನ ಮಡಿಲಿಗೆ ಹಾಕಿದೆ.

ಸೇತುವೆಯ ಏರಿಗೆ ಕರೆದುಕೊಂಡು ಹೋದೆ. ಟೆಸ್ಟಿನಲ್ಲಿ ಏರಿನ ಮೇಲೆ ನಿಲ್ಲಿಸಿ, ಹಿಂದಕ್ಕೆ ಜಾರದೆ ಹೊರಡಿಸಬೇಕು. ನನ್ನ ಕಾಲು ಮಡಚಿ ಸೀಟಿನ ಕೆಳಗೆ ಇಟ್ಟುಕೊಂಡೆ, ಅವನಿಗೆ ಕಾಣುವ ಹಾಗೆ. ಅವನು ಕ್ಲಚ್ಚು ಒತ್ತಿಕೊಂಡೇ ಬ್ರೇಕು ಬಿಟ್ಟ. ಕಾರು ನೇರ ಹಿಂದಕ್ಕೆ ಜಾರಿತು. ನಾನು ಕಾಲು ಬಿಡಿಸಿಕೊಂಡು ಬ್ರೇಕು ಒತ್ತುವಷ್ಟರಲ್ಲಿ ಹಿಂದಿನ ಗಾಡಿಯವನು ನಮ್ಮ ತಾಯಿ ತಂದೆಯನ್ನೆಲ್ಲಾ ನೆನೆದಿದ್ದ.

ಆಗ ಅರ್ಥವಾಯಿತು. ಇವನಿಗೆ ಕಾರು ಹಿಡಿದು ನಿಲ್ಲಿಸಲು ಬರುವುದೇ ಇಲ್ಲ. ಹೇಗೆ ಬರಬೇಕು? ತಿಂಗಳಿಡೀ ನಿಲ್ಲಿಸಿದ್ದು ನಾನು. ನನ್ನ ಸ್ಕೂಲಿನಲ್ಲಿ ಕಲಿತು ಬ್ರೇಕು ಹಾಕಲು ಬಾರದವನು ಇವನೊಬ್ಬನೇ. ಇದು ಹೊರಗೆ ಗೊತ್ತಾದರೆ ಸ್ಕೂಲಿನ ಬೋರ್ಡು ಇಳಿಸಿ ಮನೆಯಲ್ಲಿ ಕೂರಬೇಕು. ನಾಳೆಯಿಂದ ಸಂಜೆಯೂ ಬರಲು ಹೇಳಿದ್ದೇನೆ. ಅವನ ಮೇಲಿನ ಪ್ರೀತಿಗಲ್ಲ, ಬೋರ್ಡಿನ ಮೇಲಿನ ಮರ್ಯಾದೆಗೆ.

ಜುಲೈ 12, ಶನಿವಾರ

ಏರು. ಜಾರಿದ. ಏರು. ಜಾರಿದ. ಕೋಣನ ಮುಂದೆ ಕಿನ್ನರಿ. "ಪಾದದಿಂದ ಒತ್ತಬೇಡಿ, ಹಿಮ್ಮಡಿ ಊರಿ ಬೆರಳಿಂದ ಒತ್ತಿ" ಅಂತ ಹೇಳಿ ಹೇಳಿ ಗಂಟಲು ಒಣಗಿತು. ಕೊನೆಗೆ ಒಂದು ಸಲ ನಿಂತಿತು. ಅವನು ನಿಲ್ಲಿಸಿದ್ದು. ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದ.

"ನನ್ನ ಮುಖದಲ್ಲಿ ರಸ್ತೆ ಇಲ್ಲ, ಮುಂದೆ ನೋಡಿ" ಅಂದೆ.

ಜುಲೈ 17, ಗುರುವಾರ

ಪಾಠದ ಮಧ್ಯೆ ಅವನ ಫೋನು ಬಡಿದುಕೊಂಡಿತು. ಓಡಿಸುವಾಗ ಫೋನು ಮುಟ್ಟಬಾರದು, ನಾನೇ ತೆಗೆದೆ. ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ ಮುದುಕಿಯ ಸೊಸೆ. ಎಲ್ಲರೂ ಗಂಟೆ ಅಜ್ಜಿ ಅನ್ನುತ್ತಾರೆ. "ಅತ್ತೆ ಕಣ್ಣು ಬಿಡ್ತಾ ಇಲ್ಲ, ಅಯ್ಯನವರು ಬೇಗ ಬರಬೇಕಂತೆ" ಎಂದು ಅಳುತ್ತಿದ್ದಳು.

ಅವನ ಮುಖ ಸುಣ್ಣದ ಹಾಗಾಯಿತು. ಕಾರು ಎಬ್ಬಿಸಿದ, ನಿಂತಿತು. ಮತ್ತೆ ಎಬ್ಬಿಸಿದ, ನಿಂತಿತು. ನನ್ನ ಕಾಲು ಮಡಚಿಯೇ ಇತ್ತು, ಇದು ದೇವರಾಣೆ.

"ಇಳೀರಿ, ಈ ಕಡೆ ಬನ್ನಿ" ಎಂದು ನಾನು ಸ್ಟಿಯರಿಂಗಿಗೆ ಕೂತೆ. ಮೊದಲು ಅವನ ಮನೆಗೆ ಹೋದೆವು, ಅವನು ಕಪ್ಪು ಪೆಟ್ಟಿಗೆ ಎತ್ತಿಕೊಂಡ. ಅಲ್ಲಿಂದ ಓಡಿಸಿದೆ ನೋಡಿ. ಮೂತಿಯ ಮೇಲೆ ಎಲ್ ಬೋರ್ಡು, ಹಾರ್ನಿನ ಮೇಲೆ ಅಂಗೈ, ಜನ ದಿಕ್ಕಾಪಾಲಾಗಿ ಹಾರಿದರು. ಮಾರ್ಕೆಟ್ ತಿರುವಿನಲ್ಲಿ ಒಂದು ತಳ್ಳುಗಾಡಿ ಅಡ್ಡ ಬಂತು. ನಾನು ಪಕ್ಕಕ್ಕೆ ಎಳೆಯುವಷ್ಟರಲ್ಲಿ ಕಾರು ಗಕ್ಕನೆ ನಿಂತು ಎಂಜಿನ್ ಆರಿತು. ತಡಪ್ಪ ನನ್ನ ಸೀಟಿನಲ್ಲಿ ಕೂತು ನನ್ನ ಬ್ರೇಕನ್ನು ಎರಡೂ ಕಾಲಲ್ಲಿ ಒತ್ತಿ ಹಿಡಿದಿದ್ದ.

"ಕಾಲು ತೆಗೀರಿ!" ಎಂದು ಕೂಗಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವನು ನಕ್ಕ. ನಾನು ನಗಲಿಲ್ಲ ಎಂದು ಬರೆದುಕೊಳ್ಳಲು ಆಸೆಯಿದೆ.

ಗಂಟೆ ಅಜ್ಜಿಯ ಮನೆಗೆ ನುಗ್ಗಿದರೆ ಅಜ್ಜಿ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದಾಳೆ.

"ಏನು, ಇಬ್ಬಿಬ್ಬರು ಬಂದಿದ್ದೀರಿ?" ಅಂದಳು. "ಇವಳಿಗೆ ಮಾಡೋಕೆ ಕೆಲಸ ಇಲ್ಲ, ಸ್ವಲ್ಪ ಕಣ್ಣು ಮುಚ್ಚಿದ್ರೆ ಊರಿಗೆಲ್ಲಾ ಫೋನ್ ಮಾಡ್ತಾಳೆ. ಬಂದಿದ್ದು ಬಂದಿರಿ, ಪೆಟ್ಟಿಗೆ ತೆಗೀರಿ. ಬಿಟ್ಟಿ ಓಡಾಟ ಯಾಕಾಗಬೇಕು."

ಅವನು ಮಂಡಿಯೂರಿ ಪೆಟ್ಟಿಗೆ ತೆರೆದ. ಬಿಳಿ ಬಟ್ಟೆ ಹಾಸಿದ. ಹೆಬ್ಬೆರಳಿಗಿಂತ ಚಿಕ್ಕ ಲೋಟ, ಒಂದು ಚೂರು ರೊಟ್ಟಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಜ್ಜಿ ಹಲ್ಲಿಲ್ಲದ ಬಾಯಿಗೆ ಚೂರು ಹಾಕಿಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ನನ್ನಿಂದ ನಿಲ್ಲಲಾಗಲಿಲ್ಲ.

ಕಾರಿಗೆ ಬಂದು ಕೂತು ಸ್ಟಿಯರಿಂಗಿಗೆ ತಲೆ ಕೊಟ್ಟು ಅತ್ತೆ. ಇವಳಿಗೆ ಸಾವೂ ಇಲ್ಲ, ತಡವೂ ಇಲ್ಲ. ನನ್ನವಳಿಗೆ ಎರಡೂ. ಕರ್ತನೇ, ಇದು ಯಾವ ನ್ಯಾಯ? ನಾನೇ ಓಡಿಸಿ ತಂದು ಮುಟ್ಟಿಸಿದೆನಲ್ಲ, ಇಷ್ಟೇ ಹೊತ್ತು ಸಾಕಿತ್ತಲ್ಲ ಅವತ್ತೂ. ಬಾಯಿಬಿಟ್ಟು ಕೇಳಿದೆ. ಒಂದು ವರ್ಷದ ಮೇಲೆ ನಾನು ಕರ್ತನೊಂದಿಗೆ ಆಡಿದ ಮೊದಲ ಮಾತು ಅದು, ಜಗಳದ್ದೇ ಆಗಲಿ.

ಆಮೇಲೆ ಪಾದ್ರಿ ಬಂದು ಪಕ್ಕದಲ್ಲಿ ಕೂತರು. ಏನಾದರೂ ಪಾಠ ಇದೆ ಅಂತ ಶುರುಮಾಡುತ್ತಾರೆ ಎಂದು ಕಾದೆ. ಶುರುಮಾಡಿದ್ದರೆ ಹೊಡೆದೇಬಿಡುತ್ತಿದ್ದೆ. ಮಾಡಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟರು. ತಂಗಿ ಒಗೆದದ್ದೇ ಅದು, ನಮ್ಮ ಮನೆ ಸೋಪಿನ ವಾಸನೆಯಿಂದ ಗೊತ್ತಾಯಿತು. ಇವಳು ಯಾವಾಗ ಕೊಟ್ಟಳೋ.

ಜುಲೈ 25, ಶುಕ್ರವಾರ

ಟೆಸ್ಟು. ನನ್ನ ಸೀಟಿನಲ್ಲಿ ಇನ್ಸ್‌ಪೆಕ್ಟರು ಕೂತರು. ನಾನು ಸೇತುವೆಯ ಕೆಳಗೆ ಬಿಸಿಲಲ್ಲಿ ನಿಂತೆ. ಕಾರು ಏರಿನಲ್ಲಿ ನಿಂತಿತು. ಕೆಂಪು ದೀಪ ಹೊತ್ತಿತು. ಇನ್ಸ್‌ಪೆಕ್ಟರು ಎರಡೂ ಕೈಯಲ್ಲಿ ಕಾಗದ ಹಿಡಿದು ಬರೆಯುತ್ತಿದ್ದರು, ಕಾಲು ಎಲ್ಲಿತ್ತೋ ಕಾಣಲಿಲ್ಲ. ಒಂದು ಚೂರೂ ಜಾರದೆ ಕಾರು ಮೇಲಕ್ಕೆ ಹೋಯಿತು. ಆಮೇಲೆ ನೋಡಿಕೊಂಡರೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ನೆಲವನ್ನು ಅಷ್ಟು ಒತ್ತಿದ್ದೆ.

ಪಾಸು. ಪಾದ್ರಿ ಇಳಿದು ಬಂದು ನನ್ನ ಕೈ ಹಿಡಿದು ಕುಲುಕಿದರು. "ಇಂಡಿಕೇಟರ್ ಬದಲು ವೈಪರ್ ಹಾಕಿದ್ರಿ, ಇಲ್ಲಿಂದಲೇ ಕಂಡಿತು" ಅಂದೆ. ಹೊಲಿಗೆಗೆ ಕೊಟ್ಟ ಚಪ್ಪಲಿಗೆ ಅವರೇ ಹಣ ಕೊಡಬೇಕು, ನ್ಯಾಯವಾಗಿ.

ಬೆಳಗಿನ ಮೊದಲ ಪಾಠದ ಹೊತ್ತು ಇನ್ನು ಖಾಲಿ. ಬೇರೆ ಯಾರಿಗೂ ಕೊಡಬೇಡ, ಸ್ವಲ್ಪ ದಿನ ಹೆಚ್ಚು ನಿದ್ದೆ ಮಾಡುತ್ತೇನೆ ಅಂತ ತಂಗಿಗೆ ಹೇಳಿದೆ.

ಜುಲೈ 30, ಬುಧವಾರ

ನಿದ್ದೆ ಬರುವುದಿಲ್ಲ. ಹೊತ್ತಿಗೆ ಮುಂಚೆ ಎಚ್ಚರವಾಗುತ್ತದೆ. ಬಾಗಿಲು ತೆಗೆದು ಮೆಟ್ಟಿಲು ನೋಡಿ ಬರುತ್ತೇನೆ. ಅಭ್ಯಾಸ ಕೆಟ್ಟದ್ದು.

ಆಗಸ್ಟ್ 3, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಹೊರಗೆ ಗೇರು ಕಿರ್ರೆಂದು ಕಿರುಚಿತು. ಯಾವ ಮೂರ್ಖ ಹೀಗೆ ಗೇರು ಹಾಕುತ್ತಾನೆ ಎಂದು ಅರ್ಧ ತುತ್ತಿಗೆ ಎದ್ದೆ.

ಓಡಿಸುವವರಿಲ್ಲದೆ ಚರ್ಚಿನ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಕಾರು. ಒಂದು ಚಕ್ರ ಚರಂಡಿಯ ಕಲ್ಲಿನ ಮೇಲೆ, ಬಾಲ ರಸ್ತೆಯ ಮಧ್ಯೆ, ವೈಪರ್ ಆಡುತ್ತಿದೆ. ಪಾದ್ರಿ ಇಳಿದು ನಿಂತಿದ್ದಾರೆ, ಒಬ್ಬರೇ. ಕೈಯಲ್ಲಿ ಆ ಕಪ್ಪು ಪೆಟ್ಟಿಗೆ.

ಬಾಗಿಲ ಚಿಲಕ ನನ್ನ ಕೈಯಲ್ಲಿತ್ತು. ಹಿಂದೆ ಎರಡು ಸಲ ಹಾಕಿದ್ದೆನಲ್ಲ, ಕೈಗೆ ದಾರಿ ಗೊತ್ತು. ಅವರಿಗೂ ಗೊತ್ತಿತ್ತು, ಗೇಟಿನ ಒಳಗೆ ಕಾಲಿಡಲಿಲ್ಲ.

"ಮೇಷ್ಟ್ರೇ, ತುಂಬ ತಡವಾಯ್ತು" ಅಂದರು. "ಬರಬಹುದಾ?"

ಹಿಂದೆ ತಂಗಿಯೂ ತಟ್ಟೆ ಬಿಟ್ಟು ಎದ್ದು ಬಂದಳು.

"ಇದೇನು ಕಾರು ನಿಲ್ಲಿಸೋ ರೀತಿನಾ?" ಅಂದೆ. "ನನ್ನ ಸ್ಕೂಲಲ್ಲಿ ಕಲಿತವರು ಅಂತ ಯಾರಿಗೂ ಹೇಳಬೇಡಿ. ಮೊದಲು ಅದನ್ನ ನೆಟ್ಟಗೆ ನಿಲ್ಲಿಸಿ. ಆಮೇಲೆ ಒಳಗೆ ಬನ್ನಿ."

ಪೆಟ್ಟಿಗೆ ನನ್ನ ಕೈಗೆ ಕೊಟ್ಟು ಹೋಗಿ ಕಾರಿಗೆ ಕೂತರು. ಬಹಳ ಹಗುರ ಅದು. ಅದನ್ನು ಎದೆಗೆ ಒತ್ತಿಕೊಂಡು ರಸ್ತೆಯ ಮಧ್ಯೆ ನಿಂತು, ಎಂಜಲು ಕೈಯನ್ನೇ ಬೀಸುತ್ತಾ, "ಬರಲಿ, ಬರಲಿ, ಇನ್ನೂ ಬರಲಿ, ಕನ್ನಡಿ ನೋಡಿ, ಸಾಕು!" ಎಂದು ಕೂಗಿದೆ. ಎಷ್ಟು ಸಲ ಹಿಂದೆ ಮುಂದೆ ಮಾಡಿದರೋ. ಟೀ ಅಂಗಡಿಯವನು ಓಡಿ ಬಂದು ತನ್ನ ಹೊಸ ಬಕೆಟ್ಟು ಒಳಗಿಟ್ಟುಕೊಂಡ. ಕೊನೆಗೂ ಕಾರು ಸೊಟ್ಟಗೇ ನಿಂತಿತು. ಇನ್ನೇನು ಮಾಡುವುದು, ಬಿಟ್ಟೆ.

ಹೆಂಡತಿಯ ಮಂಚದ ಪಕ್ಕದ ಪುಟ್ಟ ಮೇಜನ್ನು ತಂಗಿ ಒರೆಸಿಟ್ಟಿದ್ದಳು. ನಾನು ಕೈ ತೊಳೆದುಕೊಂಡು ಬಂದೆ. ಒಳಗೆ ಏನಾಯಿತು ಎಂದು ಬರೆಯುವುದಿಲ್ಲ. ಸಿಟ್ಟು ಬಂದದ್ದನ್ನು ಮಾತ್ರ ಬರೆಯಲು ಡಾಕ್ಟರು ಹೇಳಿರುವುದು.

ಒಂದೇ ಒಂದು ಮಾತು ಬರೆದು ಮಲಗುತ್ತೇನೆ. ಅವತ್ತು ಆಸ್ಪತ್ರೆಯಲ್ಲಿ ನೀನು ಕೇಳಿದಾಗಲೆಲ್ಲಾ ನಾನು ಹೇಳಿದ್ದು ಸುಳ್ಳಾಯಿತಲ್ಲ, ಅದಕ್ಕೆ.

ಬಂದ್ರು ಕಣೇ. ನೆಟ್ಟಗೆ ನಿಲ್ಲಿಸೋಕೆ ಇನ್ನೂ ಬರಲ್ಲ. ಆದ್ರೂ ಬಂದ್ರು.